ಫ್ರಿಹಿಲಿಯಾನಾದ ಜೋನಿಬೆಲ್ಲ

ಪ್ರೀತಿಯ ಮಂಜು,

ಸ್ಪೇನಿಗೆ ಹೋದವನು ಬಾರ್ಸಿಲೋನಾ ಫೋಟೊ ಯಾಕೆ ಹಾಕಲಿಲ್ಲ ಅಂತ ಕೇಳಿದ್ದೆಯಲ್ಲ. ಅಲ್ಲಿಗೆ ಹೋಗಲೇ ಇಲ್ಲ ಮಾರಾಯ. ದಕ್ಷಿಣದ ಮಾಲಗಾ ಸೀಮೆಯಲ್ಲಿ ಫ್ರಿಹಿಲಿಯಾನಾ ಅಂತ ಒಂದು ಬೆಟ್ಟದೂರಿದೆ. ಕಡಲ ದಡದ ನೆರ್ಹಾದಿಂದ ಸುಮಾರು 6 ಕಿ.ಮೀ. ಬಸ್ಸು ಹತ್ತಿ ಹೋದೆ, ಇಡೀ ದಿನ ಅಲ್ಲೇ ಕಳೆದೆ.

ಗೈಡ್ ಬೇಕಾಗಿಲ್ಲ. ಹಳೇ ಊರಿನ ಗೋಡೆಗಳಲ್ಲಿ ಅಲ್ಲಲ್ಲಿ 12 ಟೈಲ್ಸ್ ಫಲಕ ಕೂರಿಸಿದ್ದಾರೆ. ಒಂದೊಂದರಲ್ಲೂ ಊರಿನ ಕಥೆಯ ಒಂದು ತುಂಡು. ಹುಡುಕುತ್ತಾ, ಓದುತ್ತಾ ನಡೆಯುವುದು ಅಷ್ಟೆ. ಓಣಿಗಳೋ, ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಒರಗಬೇಕು. ಕಾಲಡಿಗೆ ಬಿಳಿ, ಕಪ್ಪು ಉರುಟು ಕಲ್ಲುಗಳ ಚಿತ್ತಾರ. ಎರಡೂ ಕಡೆ ಸುಣ್ಣ ಬಳಿದ ಮನೆಗಳು. ಮೆಟ್ಟಿಲು ಹತ್ತಿ ಹತ್ತಿ ನನ್ನ ಮಂಡಿ ಕೂಗಿಕೊಂಡಿತು. ಎಲ್ಲೋ ದಾರಿ ತಪ್ಪಿ, ಯಾರು ಸೋತರು ಅನ್ನುವುದನ್ನು ಮೊದಲು ಓದಿದೆ, ಜಗಳ ಯಾಕಾಯಿತು ಅನ್ನುವುದನ್ನು ಆಮೇಲೆ!

ಜಗಳ ಇಷ್ಟು. ಇಲ್ಲಿದ್ದವರು ಮೊರಿಸ್ಕೊಗಳು. ಒತ್ತಾಯಕ್ಕೆ ಕ್ರೈಸ್ತರಾದ ಮುಸ್ಲಿಮರು. 1567ರಲ್ಲಿ ದೊರೆ ಎರಡನೇ ಫಿಲಿಪ್ ಇವರ ಅರಬ್ಬಿ ಮಾತು, ಉಡುಗೆ, ಸ್ನಾನದ ಮನೆ ಎಲ್ಲಕ್ಕೂ ನಿಷೇಧ ಹಾಕಿದ. ಮರುವರ್ಷದ ಕೊನೆಗೆ ದಂಗೆ ಎದ್ದಿತು. ಸುತ್ತಲಿನ ಹಳ್ಳಿಗಳ ಜನ ಊರಿನ ನೆತ್ತಿಯ ಮೇಲಿನ ಬಂಡೆಬೆಟ್ಟ ಹತ್ತಿ ಕೂತರು. 1569ರ ಜೂನ್‌ನಲ್ಲಿ ದೊರೆಯ ಸೇನಾನಿ ಲೂಯಿಸ್ ದೆ ರೆಕೆಸೆನ್ಸ್ ಸೈನ್ಯ ತಂದು ಆ ಬೆಟ್ಟವನ್ನು ಗೆದ್ದ. ಅಲ್ಲಿಗೆ ಅವರ ಊರು ಅವರದ್ದಾಗಿ ಉಳಿಯಲಿಲ್ಲ. ಹೊರಗಿನಿಂದ ಕ್ರೈಸ್ತರನ್ನು ಕರೆತಂದು ಕೂರಿಸಿದರು. ಫಲಕ ಓದಿ ತಲೆ ಎತ್ತಿದರೆ ಅದೇ ಬೆಟ್ಟ ಕಾಣುತ್ತದೆ. ಪಕ್ಕದಲ್ಲಿ ಯಾರೋ ಐಸ್‌ಕ್ರೀಮ್ ತಿನ್ನುತ್ತಾ ಸೆಲ್ಫಿ ತೆಗೆಯುತ್ತಿದ್ದರು. ನನಗೆ ಯಾಕೋ ಸ್ವಲ್ಪ ಹೊತ್ತು ಮಾತೇ ಬೇಡ ಅನ್ನಿಸಿತು.

ಕೆಳಗಿಳಿದರೆ ಎಲ್ ಇನ್ಹೆನಿಯೊ. 16ನೇ ಶತಮಾನದ ಕೊನೆಯ ದೊಡ್ಡ ಬಂಗಲೆ. ಹಾಳಾದ ಕೋಟೆಯ ಕಲ್ಲನ್ನೇ ಕಿತ್ತು ತಂದು ಕಟ್ಟಿದ್ದಂತೆ. ಈಗ ಅದರೊಳಗೆ ಏನು ನಡೆಯುತ್ತದೆ ಹೇಳು? ಆಲೆಮನೆ! ನಿಜಕ್ಕೂ. ಕಬ್ಬಿನ ಹಾಲು ಕಾಯಿಸಿ ಕಪ್ಪಗಿನ ಪಾಕ ಮಾಡುತ್ತಾರೆ. 'ಮಿಯೆಲ್ ದೆ ಕಾನ್ಯಾ', ಅಂದರೆ ಕಬ್ಬಿನ ಜೇನು ಅಂತ ಹೆಸರು. ಜೇನೂ ಇಲ್ಲ ಗೀನೂ ಇಲ್ಲ, ನಮ್ಮ ಜೋನಿಬೆಲ್ಲದ ಅಣ್ಣ ಅದು. ಬಣ್ಣ ಇನ್ನೂ ಕಪ್ಪು, ಕೊನೆಗೆ ನಾಲಿಗೆಗೆ ಚೂರು ಕಹಿ. ಬದನೆಕಾಯಿ ಹೋಳು ಕರಿದು ಅದರ ಮೇಲೆ ಇದನ್ನು ಸುರಿದು ಕೊಡುತ್ತಾರೆ. ಬದನೆಗೆ ಬೆಲ್ಲವಾ ಅಂತ ಮೂಗು ಮುರಿದೆ, ಆಮೇಲೆ ಎರಡನೇ ತಟ್ಟೆ ತರಿಸಿದೆ.

ಕಬ್ಬನ್ನು ಆ ಸೀಮೆಗೆ ತಂದವರು ಅರಬರೇ. ಸ್ಪ್ಯಾನಿಷ್‌ನಲ್ಲಿ ಸಕ್ಕರೆಗೆ 'ಅಸೂಕಾರ್' ಅಂತಾರೆ. ಅರಬ್ಬಿಯ 'ಸುಕ್ಕರ್'ನಿಂದ ಬಂದದ್ದು, ಅದರ ಬೇರು ಸಂಸ್ಕೃತದ 'ಶರ್ಕರಾ'. ನಮ್ಮ ಸಕ್ಕರೆಯೂ ಅದೇ ಮನೆತನ. ನೋಡು, ಅರಬ್ಬಿ ಮಾತು ಆಡಬೇಡಿ ಅಂತ ದೊರೆ ಹುಕುಂ ಹೊರಡಿಸಿದ. ಆ ಹುಕುಂ ಬರೆದವನ ಮನೆಯಲ್ಲೂ ಸಕ್ಕರೆ ಬೇಕಾದಾಗ ಅರಬ್ಬಿ ಶಬ್ದವೇ ಬಾಯಿಗೆ ಬಂದಿರಬೇಕು ಅಲ್ವಾ?

ಒಂದು ಬಾಟಲಿ ತಂದಿದ್ದೇನೆ. ಬರುವ ಭಾನುವಾರ ಶಿರಸಿಗೆ ಬರ್ತೀನಿ. ಆಯಿಗೆ ತೆಳ್ಳೇವು ದೋಸೆ ಹೊಯ್ಯಲು ಹೇಳಿಡು. ಇದನ್ನೂ ನಮ್ಮ ಜೋನಿಬೆಲ್ಲವನ್ನೂ ಪಕ್ಕಪಕ್ಕ ಬಡಿಸಿಕೊಂಡು, ಯಾವುದು ರುಚಿ ಅಂತ ಅವರೇ ಹೇಳಲಿ.

ನಿನ್ನ,
ಗೆಳೆಯ