ಸಣ್ಣ ಜ್ವರ ಅಂದಿದ್ದೆ

ಪುಟ್ಟಿ,

ಮೈಸೂರಿಗೆ ಬಂದು ನಾಲ್ಕು ದಿನವಾಯಿತು. ಫೋನಿನಲ್ಲಿ ‘ತಲುಪಿದ್ಯಾ, ಸರಿ’ ಅಂತ ಇಟ್ಟುಬಿಟ್ಟೆಯಲ್ಲ, ಅದಕ್ಕೇ ಈ ಕಾಗದ.

ನಿಮ್ಮ ಇಂಗ್ಲೆಂಡಿನ ಆ ಪ್ಲೇಗಿನ ಹಳ್ಳಿ ಈಮ್‌ನಲ್ಲಿ ತಪ್ಪು ನನ್ನದೇ. (ಬರೆಯೋದು ಒಂಥರಾ, ಕರೆಯೋದು ಈಮ್. ಏನು ಜನವೋ!) ಆ ಗಡಿಕಲ್ಲಿನ ಕುಳಿಗೆ ಬೆರಳಿಟ್ಟು, ‘ಪ್ಲೇಗಿನಲ್ಲಿ ಊರಿನವರು ಗಡಿ ದಾಟದೆ, ರೋಗ ಅಂಟದಿರಲಿ ಅಂತ ಇದರಲ್ಲಿ ವಿನೆಗರ್ ಹಾಕಿ ದುಡ್ಡಿಡ್ತಿದ್ರಂತೆ, ಆಚೆ ಊರಿನವರು ದಿನಸಿ ಇಟ್ಟು ಹೋಗ್ತಿದ್ರಂತೆ, ಎಷ್ಟು ಅಚ್ಚುಕಟ್ಟು’ ಅಂದೆ. ನೀನು ‘ನೀನೂ ಹೀಗೇ ಕಲ್ಲು ನೆಟ್ಟೆ ಅಮ್ಮಾ’ ಅಂದೆ. ಆಮೇಲೆ ಏರ್‌ಪೋರ್ಟಿನವರೆಗೂ ಮಾತಿಲ್ಲ. 2021ರ ಮೇ ತಿಂಗಳನ್ನು ಇಬ್ಬರೂ ಮರೆತಿಲ್ಲ, ಅದನ್ನು ಬರೆಯುವುದಿಲ್ಲ.

ನನ್ನ ತಲೆಯಲ್ಲಿ ಕೂತಿರುವುದು ಆ ಎಲಿಜಬೆತ್ ಹ್ಯಾನ್‌ಕಾಕ್. ಹೊಲದ ಮಧ್ಯೆ ದುಂಡಗಿನ ಕಲ್ಲುಗೋಡೆ, ಒಳಗೆ ಅವಳ ಮನೆಯವರ ಸಮಾಧಿಗಳು. 1666ರ ಆಗಸ್ಟ್. ಎಂಟು ದಿನದಲ್ಲಿ ಗಂಡ, ಆರು ಮಕ್ಕಳು. ಮುಟ್ಟಲು ಯಾರೂ ಬರಲಿಲ್ಲ. ತಾನೇ ಎಳೆದು ತಂದು, ತಾನೇ ಗುಂಡಿ ತೋಡಿದಳು. ನೀನು ಮಳೆ ಬರುತ್ತೆ ನಡಿ ಅಂತಿದ್ದೆ, ನನಗೆ ಕಾಲೇ ಏಳಲಿಲ್ಲ. ಉಳಿದ ಒಬ್ಬ ಮಗ ಶೆಫೀಲ್ಡಿನಲ್ಲಿದ್ದನಂತೆ. ನಿನ್ನ ಊರಿನಲ್ಲೇ, ನೋಡು. ಎಲ್ಲ ಮುಗಿದ ಮೇಲೆ ಅವಳು ಅಲ್ಲಿಗೇ ಹೋದಳಂತೆ. ಮಧ್ಯದಲ್ಲಿ ಅವನಿಗೆ ಏನಂತ ಹೇಳಿ ಕಳಿಸಿರಬಹುದು? ಮೊದಲ ಮಗು ಹೋದಾಗ ಹೇಳಿದಳಾ? ಮೂರನೆಯದು ಹೋದಾಗ? ಅಥವಾ ‘ಎಲ್ಲ ಚೆನ್ನಾಗಿದ್ದೀವಿ, ನೀನು ಬರಬೇಡ’ ಅಂದುಬಿಟ್ಟಳಾ? ವಿಮಾನದಲ್ಲೂ ಇದೇ ಯೋಚನೆ. ಬಂದಿದ್ದರೆ ಅವನೂ ಆ ಗೋಡೆಯೊಳಗೇ ಇರುತ್ತಿದ್ದ, ಅಲ್ವಾ?

ಪಾದ್ರಿ ಮಾಂಪೆಸನ್ ಕೂಡ ಮಕ್ಕಳನ್ನು ಮೊದಲೇ ಊರಾಚೆ ಕಳಿಸಿದ್ದ. ಹೆಂಡತಿ ಕ್ಯಾಥರೀನ್ ಹೋಗದೆ ಉಳಿದಳು, ಸತ್ತಳು. ಅವಳನ್ನು ಯಾರೂ ಬೈಯುವುದಿಲ್ಲ.

ನೋಡು, ಮತ್ತೆ ವಾದಕ್ಕೆ ಇಳಿದೆ. ಅಪ್ಪನಿಗೆ ‘ಸಣ್ಣ ಜ್ವರ’ ಅಂದಿದ್ದು ಸುಳ್ಳು. ಆಗಲೇ ಆಸ್ಪತ್ರೆಗೆ ಸೇರಿಸಿಯಾಗಿತ್ತು. ಬರುವುದೋ ಬಿಡುವುದೋ ನೀನು ತೀರ್ಮಾನ ಮಾಡಬೇಕಿತ್ತು, ನಾನೇ ಮಾಡಿಬಿಟ್ಟೆ. ಕ್ಷಮಿಸು ಅಂತ ಎದುರಿಗೆ ಹೇಳಲು ಬಾಯಿ ಬರಲಿಲ್ಲ.

ಆ ಇಕ್ಕಟ್ಟು ರಸ್ತೆಯಲ್ಲಿ ಟ್ರ್ಯಾಕ್ಟರ್ ಎದುರು ಬಂದಾಗ, ಎರಡೂ ಕಡೆ ಕಲ್ಲುಗೋಡೆ, ನೀನು ಅಷ್ಟು ದೂರ ರಿವರ್ಸ್ ತೆಗೆದೆಯಲ್ಲ. ಅಪ್ಪ ನೋಡಬೇಕಿತ್ತು. ಆದರೂ ಸ್ಪೀಡ್ ಜಾಸ್ತಿ. ಆ ಗುಡ್ಡಗಳಿಗೆ ಒಬ್ಬಳೇ ಹೋಗಬೇಡ. ಮೂರು ದಿನದ ಅನ್ನ ಬಿಸಿ ಮಾಡಿ ತಿನ್ನಬೇಡ. ಸಿಟ್ಟು ಬಂದರೆ ಬಂದಿದೆ ಅಂತ ಹೇಳು, ಸುಮ್ನೆ ಬಾಯಿ ಮುಚ್ಚಿಕೊಂಡು ಕೂರಬೇಡ. ಅದು ನನ್ನಿಂದಲೇ ಬಂದ ಬುದ್ಧಿ, ಗೊತ್ತು.

ಇನ್ನೊಂದು ವಿಷಯ. ವಾರ್ಡಿಗೆ ನನ್ನನ್ನೂ ಬಿಟ್ಟಿರಲಿಲ್ಲ. ಅಪ್ಪ ಒಂದು ವಾಯ್ಸ್ ಮೆಸೇಜ್ ಕಳಿಸಿದ್ದರು, ನಲವತ್ತು ಸೆಕೆಂಡಿನದು. ಅದರಲ್ಲಿ ನಿನ್ನ ಹೆಸರಿದೆ. ಮಾತಿಗಿಂತ ಉಸಿರಿನ ಸದ್ದೇ ಜಾಸ್ತಿ ಅಂತ ನಿನಗೆ ಕಳಿಸಲಿಲ್ಲ. ಫೋನಿನಲ್ಲಿ ಹಾಗೇ ಇದೆ. ಬೇಕೋ ಬೇಡವೋ, ಈ ಸಲ ನೀನೇ ಹೇಳು.

ಅಮ್ಮ