ಪಾಯಿಂಟ್ ಕೊಟ್ಟು ಬಂದವರು ಬಿಟ್ಟಿ ಅತಿಥಿಗಳಲ್ಲ

ಗೆ,
ಮುಖ್ಯಸ್ಥರು, ಸದಸ್ಯರ ಸೇವಾ ವಿಭಾಗ,
ಹೋಟೆಲ್ ರಿವಾರ್ಡ್ಸ್ ಯೋಜನೆ, ಭಾರತ ಕಚೇರಿ, ಬೆಂಗಳೂರು

ಮಾನ್ಯರೇ,

ವಿಷಯ: ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಪಾಯಿಂಟ್ ಕೊಟ್ಟು ಕಾಯ್ದಿರಿಸಿದ ಕೋಣೆ ನಿರಾಕರಿಸಿದ್ದು, ಪಾಯಿಂಟ್ ಹಿಂದಿರುಗಿಸದೇ ಇರುವುದು.

ನಿಮ್ಮ ಕಾಲ್ ಸೆಂಟರ್‌ಗೆ ಎಷ್ಟು ಸಲ ಫೋನ್ ಮಾಡಿದರೂ, ಇಂಗ್ಲಿಷಿನಲ್ಲಿ ಎಷ್ಟು ಮೇಲ್ ಹಾಕಿದರೂ ಬಂದದ್ದು ಒಂದೇ ಉತ್ತರ: ‘ಆ ಹೋಟೆಲ್‌ಗೆ ಬೇರೆ ಮಾಲೀಕರಿದ್ದಾರೆ, ಅವರನ್ನೇ ಕೇಳಿ.’ ಹೋಟೆಲಿನವರನ್ನು ಕೇಳಿದರೆ, ‘ಪಾಯಿಂಟ್ ವ್ಯವಹಾರ ನಮ್ಮದಲ್ಲ, ಯೋಜನೆಯವರನ್ನು ಕೇಳಿ.’ ಮೊನ್ನೆ ನಿಮ್ಮಿಂದ ಬಂದ ಮೇಲ್‌ನಲ್ಲಿ ನನ್ನ ದೂರು ‘ಇತ್ಯರ್ಥವಾಗಿದೆ’ ಎಂದಿತ್ತು. ಅದರ ಕೆಳಗೇ, ನಮ್ಮ ಸೇವೆಗೆ ಎಷ್ಟು ಸ್ಟಾರ್ ಕೊಡುತ್ತೀರಿ ಎಂಬ ಪ್ರಶ್ನೆ. ಏನು ಇತ್ಯರ್ಥವಾಯಿತು, ಯಾರು ಮಾಡಿದರು? ಅದನ್ನು ಕೇಳಲೆಂದೇ ಈ ಪತ್ರ. ಕನ್ನಡದಲ್ಲಿ ಬರೆಯುತ್ತಿದ್ದೇನೆ, ಏಕೆಂದರೆ ಇದೇ ಪತ್ರ ಮುಂದೆ ದಾವಣಗೆರೆಯ ಜಿಲ್ಲಾ ಗ್ರಾಹಕರ ಆಯೋಗದಲ್ಲಿ ದಾಖಲೆಯಾಗಲಿದೆ.

ನಾನು ಜವಳಿ ಯಂತ್ರಗಳ ರಿಪೇರಿ ಮಾಡುವವನು. ಕೊಯಮತ್ತೂರು, ಸೂರತ್, ಅಹಮದಾಬಾದ್ ಎಂದು ತಿರುಗುವುದೇ ನನ್ನ ಹೊಟ್ಟೆಪಾಡು. ರೈಲಿಳಿದು ಎದುರಿಗೇ ಕಾಣುವ ಲಾಡ್ಜ್‌ನಲ್ಲಿ ಸಾವಿರ ರೂಪಾಯಿಗೆ ಮಲಗಬಹುದಾಗಿದ್ದ ಊರಿನಲ್ಲೂ ಆಟೊ ಹಿಡಿದು ನಿಮ್ಮ ಹೋಟೆಲನ್ನೇ ಹುಡುಕಿಕೊಂಡು ಹೋಗಿದ್ದೇನೆ. ನಿಮ್ಮ ಹೆಸರಿರುವ ಕ್ರೆಡಿಟ್ ಕಾರ್ಡ್ ಇಟ್ಟುಕೊಂಡು ವರ್ಷ ವರ್ಷ ಶುಲ್ಕ ಕಟ್ಟಿದ್ದೇನೆ. ಅದೆಲ್ಲ ಪಾಯಿಂಟ್ ಕೂಡಿಸಿ, ಆ ಪಾಯಿಂಟ್ ಕೊಟ್ಟೇ ಕೋಣೆ ಹಿಡಿದು, ಅಮ್ಮನನ್ನು ಒಂದು ಸಲ ವಿದೇಶಕ್ಕೆ ಕರೆದುಕೊಂಡು ಹೋಗಬೇಕೆಂಬ ಆಸೆಗೆ. ತಮ್ಮ ನೆದರ್‌ಲ್ಯಾಂಡ್ಸ್‌ನ ಐಂಡ್‌ಹೋವನ್‌ನಲ್ಲಿ ಕೆಲಸದಲ್ಲಿದ್ದಾನೆ. ಅವನ ಮನೆಗೆ ಹೋಗುವ ಮುಂಚೆ ಅಮ್ಮನಿಗೆ ಆಮ್‌ಸ್ಟರ್‌ಡ್ಯಾಮ್ ತೋರಿಸೋಣ, ಕ್ಯೂಕೆನ್‌ಹಾಫ್‌ನ ಟ್ಯೂಲಿಪ್ ತೋಟ ತೋರಿಸೋಣ ಎಂದುಕೊಂಡಿದ್ದೆವು.

ಆ ಊರಿನಲ್ಲಿ ಕಾಲುವೆ ದಡದ ಹಳೆಯ ಮನೆಗಳ ಮೆಟ್ಟಿಲುಗಳು ಏಣಿಯಷ್ಟೇ ಕಡಿದು. ಅಮ್ಮನಿಗೆ ಮಂಡಿನೋವು. ಹಾಗಾಗಿ ಲಿಫ್ಟ್ ಇರುವ, ಸೆಂಟ್ರಲ್ ಸ್ಟೇಷನ್‌ನಿಂದ ನಡೆದು ಹೋಗಬಹುದಾದ ಹೋಟೆಲನ್ನೇ ಆರಿಸಿ, ಮೂವರಿಗೆ ಎಂದು ನಮೂದಿಸಿ, ಡಿಸೆಂಬರ್‌ನಲ್ಲೇ ಬುಕ್ ಮಾಡಿದೆ. ಪಾಯಿಂಟ್‌ಗಳನ್ನು ನೀವು ಅವತ್ತೇ ಕಡಿತ ಮಾಡಿಕೊಂಡಿರಿ. ಆ ಬುಕಿಂಗ್ ಪ್ರತಿಯನ್ನೇ ಯುರೋಪ್ ಪ್ರವಾಸಕ್ಕೆ ಬೇಕಾದ ಷೆಂಗೆನ್ ವೀಸಾ ಅರ್ಜಿಗೆ ಲಗತ್ತಿಸಿದ್ದೆ. ವೀಸಾ ಅಧಿಕಾರಿಗಳು ನಂಬಿದ ಕಾಗದವನ್ನು ನಿಮ್ಮ ಹೋಟೆಲೇ ನಂಬಲಿಲ್ಲ.

ಏಪ್ರಿಲ್ 26ರಂದು ತಲುಪಿದೆವು. ಮರುದಿನ 27, ನೆದರ್‌ಲ್ಯಾಂಡ್ಸ್ ರಾಜನ ಹುಟ್ಟುಹಬ್ಬ. ಊರಿಗೆ ಊರೇ ಕಿತ್ತಳೆ ಬಣ್ಣ ತೊಟ್ಟು ಬೀದಿಗಿಳಿಯುವ ದಿನ. ಕೋಣೆಗಳ ಬಾಡಿಗೆ ಆಗ ಎಷ್ಟಕ್ಕೆ ಏರುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ.

ಮಧ್ಯಾಹ್ನ ಮೂರರ ಮೇಲೆ ಕೌಂಟರ್ ಮುಂದೆ ನಿಂತೆವು. ಪಾಸ್‌ಪೋರ್ಟ್‌ಗಳನ್ನು ಕೊಟ್ಟೆ. ಠೇವಣಿಗೆಂದು ಕಾರ್ಡ್ ಕೇಳಿದರು, ಕೊಟ್ಟೆ. 150 ಯೂರೊ ತಡೆಹಿಡಿದಿದ್ದಕ್ಕೆ ಬ್ಯಾಂಕಿನ ಮೆಸೇಜ್ ಕೂಡ ಬಂತು. ಆಮೇಲೆ ಕೌಂಟರಿನ ಯುವಕ ಸ್ಕ್ರೀನ್ ನೋಡಿ, ಪಕ್ಕದವರ ಜೊತೆ ಡಚ್‌ನಲ್ಲಿ ಏನೋ ಮಾತಾಡಿ, “ನಿಮ್ಮದು ಫ್ರೀ ರೂಮ್” ಎಂದ. “ಅಲ್ಲ, ಪಾಯಿಂಟ್ ಕೊಟ್ಟು ಬುಕ್ ಮಾಡಿದ್ದು” ಎಂದೆ. “ಹೌದು, ಅದೇ, ಫ್ರೀ” ಎಂದ, ಹಿಂದೆ ಸಾಲಿನಲ್ಲಿದ್ದವರಿಗೆಲ್ಲ ಕೇಳುವಂತೆ. “ಸ್ವಲ್ಪ ಪಕ್ಕಕ್ಕೆ ನಿಲ್ಲಿ. ಹಣ ಕೊಡುವ ಅತಿಥಿಗಳನ್ನು ಮೊದಲು ಕಳಿಸುತ್ತೇನೆ.”

ಪಕ್ಕಕ್ಕೆ ನಿಂತೆವು. ಲಾಬಿಯಲ್ಲಿದ್ದ ಕುರ್ಚಿಗಳೆಲ್ಲ ತುಂಬಿದ್ದವು. ಅಮ್ಮ ಕೊನೆಗೆ ಸೂಟ್‌ಕೇಸ್ ಮೇಲೆಯೇ ಕೂತರು. ಹೆಂಡತಿ ನೀರು ಕೇಳಿದರೆ ಬಾರ್ ಕಡೆ ಕೈ ತೋರಿಸಿದರು. ಕರೆಯದೆ ಮದುವೆ ಊಟಕ್ಕೆ ಬಂದವರ ಹಾಗೆ ಗೋಡೆ ಪಕ್ಕ ನಮ್ಮನ್ನು ಒಂದು ಗಂಟೆಗೂ ಹೆಚ್ಚು ನಿಲ್ಲಿಸಿದರು. ಅಷ್ಟರಲ್ಲಿ ನೀಲಿ ಜಾಕೆಟ್ ಹಾಕಿದ್ದ ಒಬ್ಬರು ಬ್ಯಾಗ್ ಎಳೆದುಕೊಂಡು ಬಂದರು. ಬುಕಿಂಗ್ ಇಲ್ಲ, ಈ ರಾತ್ರಿಗೆ ಕೋಣೆ ಸಿಗುತ್ತದೆಯೇ ಎಂದು ಕೇಳಿದರು. “ಇದೆ, 410 ಯೂರೊ” ಎಂದ ಅದೇ ಯುವಕ. ಕಾರ್ಡ್ ಉಜ್ಜಿದ. ಕೋಣೆಯ ಕೀ ಕಾರ್ಡನ್ನು ಕಾಗದದ ಕವರಿನಲ್ಲಿಟ್ಟು, ಮೇಲೆ ಪೆನ್ನಿನಿಂದ ಕೋಣೆ ಸಂಖ್ಯೆ ಬರೆದು, ಲಿಫ್ಟ್ ಎಲ್ಲಿದೆ ಎಂದು ಎದ್ದು ನಿಂತು ತೋರಿಸಿದ. ಇದೆಲ್ಲ ನಮ್ಮಿಂದ ನಾಲ್ಕು ಅಡಿ ದೂರದಲ್ಲಿ.

ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಆದರೆ ಕೀ ಯಾರ ಕೈಗೆ ಹೋಯಿತು ಎಂಬುದು ಕಣ್ಣಿಗೆ ಕಂಡಿತ್ತು. “ಈಗ ಬಂದೋರಿಗೆ ಕೊಟ್ರಲ್ಲೋ, ನಮಗ್ಯಾಕಿಲ್ಲ? ನೀನು ದುಡ್ಡು ಕಟ್ಟಿಲ್ಲೇನು?” ಎಂದು ಕೇಳಿದರು. ಕಟ್ಟಿದ್ದೇನಮ್ಮ ಎಂದೆ. ಅವರು ನಂಬಿದರೋ ಇಲ್ಲವೋ, ಮುಖ ನೋಡಿದರೆ ತಿಳಿಯಲಿಲ್ಲ.

ಮ್ಯಾನೇಜರ್ ಬಂದಾಗ ಸಂಜೆಯಾಗುತ್ತಿತ್ತು. ಹೋಟೆಲ್ ತುಂಬಿದಾಗ ಕಾಂಪ್ಲಿಮೆಂಟರಿ, ಅಂದರೆ ಪುಕ್ಕಟೆ ಬುಕಿಂಗ್‌ಗಳನ್ನೇ ಮೊದಲು ಬೇರೆ ಕಡೆ ಕಳಿಸುವುದು ವಾಡಿಕೆ ಎಂದರು. ಯಾರ ವಾಡಿಕೆ? ನಿಮ್ಮ ನಿಯಮಾವಳಿ ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಖಚಿತವಾದ ರಿವಾರ್ಡ್ ಬುಕಿಂಗ್‌ಗೂ ಹಣದ ಬುಕಿಂಗ್‌ಗೂ ಭೇದವಿಲ್ಲ, ಕೋಣೆ ಕೊಡಲಾಗದಿದ್ದರೆ ಸಮಾನ ದರ್ಜೆಯ ಕೋಣೆ, ಅಲ್ಲಿಗೆ ಹೋಗುವ ಖರ್ಚು ಮತ್ತು ಪರಿಹಾರ ಹೋಟೆಲಿನದೇ ಹೊಣೆ ಎಂದು ಅದರಲ್ಲಿ ನೀವೇ ಬರೆದಿದ್ದೀರಿ.

ನಮ್ಮನ್ನು ಕಳಿಸಿದ್ದು ಸ್ಲೋಟರ್‌ಡೈಕ್ ಎಂಬ ಕಡೆಯ ಬೇರೊಂದು ಹೋಟೆಲಿಗೆ. ಸುತ್ತ ಬರೀ ಕಚೇರಿ ಕಟ್ಟಡಗಳು. ಟ್ಯಾಕ್ಸಿಗೆ ದುಡ್ಡು ನಾನೇ ಕೊಟ್ಟೆ. ಇಬ್ಬರ ಕೋಣೆ, ಹೆಂಡತಿ ಸೋಫಾ ಮೇಲೆ ಮಲಗಿದಳು. ಬುಕಿಂಗ್‌ನಲ್ಲಿದ್ದ ಬೆಳಗಿನ ತಿಂಡಿ ಇಲ್ಲ. ಇನ್ನು ತೆರಿಗೆ: ಆಮ್‌ಸ್ಟರ್‌ಡ್ಯಾಮ್ ನಗರಾಡಳಿತ 2024ರಿಂದ ಕೋಣೆ ದರದ ಶೇ 12.5ರಷ್ಟು ಪ್ರವಾಸಿ ತೆರಿಗೆ ವಿಧಿಸುತ್ತಿದೆ. ಪಾಯಿಂಟ್ ಬುಕಿಂಗ್ ಆದರೂ ಅದನ್ನು ಕಟ್ಟಲು ಸಿದ್ಧನಾಗಿಯೇ ಹೋಗಿದ್ದೆ. ಆದರೆ ನಾನು ಆರಿಸದ ಹೋಟೆಲಿನ, ಹಬ್ಬದ ದಿನದ ದುಬಾರಿ ದರದ ಮೇಲೆ ಲೆಕ್ಕ ಹಾಕಿ ನನ್ನಿಂದ ವಸೂಲಿ ಮಾಡಿದ್ದು ಯಾವ ನ್ಯಾಯ? ಇಷ್ಟಾದ ಮೇಲೆ, ನಾವು ಒಂದು ರಾತ್ರಿಯೂ ಮಲಗದ ಹೋಟೆಲಿನ ಹೆಸರಿನ ಮುಂದೆ ನಿಮ್ಮ ಆ್ಯಪ್ ‘ವಾಸ್ತವ್ಯ ಪೂರ್ಣಗೊಂಡಿದೆ’ ಎನ್ನುತ್ತಿದೆ. ಪಾಯಿಂಟ್ ವಾಪಸ್ ಬಂದಿಲ್ಲ.

‘ಫ್ರೀ’ ಎಂಬ ಆ ಮಾತಿಗೆ ಮತ್ತೆ ಬರುತ್ತೇನೆ, ಏಕೆಂದರೆ ನಿಮ್ಮ ಕಾಲ್ ಸೆಂಟರಿನವರೂ ಅದನ್ನೇ ಆಡಿದರು. ನಾನು ಹಣ ಕೊಟ್ಟು ತಂಗಿದ ಪ್ರತಿ ಬಿಲ್ಲಿನಲ್ಲೂ ಒಂದು ಪಾಲು ನಿಮ್ಮ ಯೋಜನೆಗೆ ಹೋಗುತ್ತದೆ. ಕಾರ್ಡಿನ ಬ್ಯಾಂಕು ನಿಮ್ಮಿಂದ ಪಾಯಿಂಟ್‌ಗಳನ್ನು ದುಡ್ಡು ಕೊಟ್ಟೇ ಕೊಳ್ಳುತ್ತದೆ. ಸದಸ್ಯನೊಬ್ಬ ಪಾಯಿಂಟ್ ಬಳಸಿ ತಂಗಿದಾಗ ಆ ನಿಧಿಯಿಂದ ಹೋಟೆಲಿಗೆ ನೀವು ಹಣ ಕೊಡುತ್ತೀರಿ. ಕೋಣೆಗಳು ಖಾಲಿ ಇರುವ ದಿನ ಆ ಹಣ ಕಡಿಮೆ, ಬಹುತೇಕ ತುಂಬಿದ ದಿನ ಹೆಚ್ಚು. ಅಂದರೆ ನಮ್ಮ ಕೋಣೆಗೆ ಹೋಟೆಲಿಗೆ ಹಣ ಬರುವುದಿತ್ತು. 410 ಯೂರೊ ಬರುತ್ತಿರಲಿಲ್ಲ, ಅಷ್ಟೇ. ಆ ವ್ಯತ್ಯಾಸಕ್ಕಾಗಿ ನನ್ನ ತಾಯಿಯನ್ನು ಸೂಟ್‌ಕೇಸ್ ಮೇಲೆ ಕೂರಿಸಿದಿರಿ.

ಈ ಪತ್ರ ತಲುಪಿದ ಹದಿನೈದು ದಿನದೊಳಗೆ ಅಷ್ಟೂ ಪಾಯಿಂಟ್‌ಗಳು, ಟ್ಯಾಕ್ಸಿ ಬಾಡಿಗೆ, ತಿಂಡಿಯ ಖರ್ಚು, ತೆರಿಗೆಯ ಹಣ, ನಿಮ್ಮದೇ ನಿಯಮದ ಪರಿಹಾರ ನನ್ನ ಖಾತೆಗೆ ಬರಬೇಕು. ಹೋಟೆಲಿನ ಮ್ಯಾನೇಜರ್ ಸಹಿ ಮಾಡಿದ ಕ್ಷಮಾಪಣೆ ಅಮ್ಮನ ಹೆಸರಿಗೆ ಬರಬೇಕು. ಸಮಾಧಾನಕ್ಕೆಂದು ಬೋನಸ್ ಪಾಯಿಂಟ್ ಕೊಡಲು ಬರಬೇಡಿ.

ಬರದಿದ್ದರೆ ಮೊದಲ ಹೆಜ್ಜೆಯಾಗಿ ವೈಯಕ್ತಿಕ ಮಾಹಿತಿ ರಕ್ಷಣೆಗಿರುವ ಯುರೋಪಿನ ಜಿಡಿಪಿಆರ್ ಕಾಯ್ದೆಯ 15ನೇ ವಿಧಿಯ ಪ್ರಕಾರ ನನ್ನ ಬುಕಿಂಗ್‌ನ ಪೂರ್ತಿ ದಾಖಲೆ ಕೊಡಿ ಎಂದು ಆ ಹೋಟೆಲಿಗೆ ಬರೆಯುತ್ತೇನೆ. ಒಂದು ತಿಂಗಳೊಳಗೆ ಅವರು ಉತ್ತರಿಸಲೇಬೇಕು. ನಮ್ಮ ಕೋಣೆಯನ್ನು ಯಾವ ಹೊತ್ತಿಗೆ, ಯಾರು ತೆಗೆದರೆಂಬುದು ಅವರ ದಾಖಲೆಯಿಂದಲೇ ಹೊರಬರಲಿ. ಎರಡನೆಯದು, ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ (ಫೋನ್ ಸಂಖ್ಯೆ 1915) ದೂರು. ಮೂರನೆಯದು ಆಯೋಗ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ 34ನೇ ಸೆಕ್ಷನ್ ಪ್ರಕಾರ ನಾನು ವಾಸವಿರುವ ಊರಿನಲ್ಲೇ ದೂರು ಹೂಡಬಹುದು. ಪುಕ್ಕಟೆ ಸೇವೆ ಈ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ನಿಮ್ಮ ವಕೀಲರು ಅಲ್ಲಿಯೂ ಅದೇ ‘ಫ್ರೀ’ ರಾಗ ಎತ್ತುತ್ತಾರೆಂದು ಗೊತ್ತು. ಅದಕ್ಕೆಂದೇ ಕೊಯಮತ್ತೂರಿನಿಂದ ಅಹಮದಾಬಾದ್‌ವರೆಗಿನ ಬಿಲ್ಲುಗಳನ್ನೂ ಕಾರ್ಡ್ ಶುಲ್ಕದ ರಸೀದಿಗಳನ್ನೂ ಜೋಡಿಸಿಟ್ಟಿದ್ದೇನೆ. ಸೇವೆಯ ಫಲಾನುಭವಿಯೂ ಗ್ರಾಹಕರೇ ಎಂದು ಅದೇ ಕಾಯ್ದೆ ಹೇಳುತ್ತದೆ. ದೂರಿನಲ್ಲಿ ಮೊದಲ ಅರ್ಜಿದಾರರು ನನ್ನ ತಾಯಿ. ಹೇಳಿಕೆಯನ್ನು ಅವರೇ ಕೊಡುತ್ತಾರೆ, ಕನ್ನಡದಲ್ಲಿ.

ಇತಿ,
ನಿಮ್ಮ ಯೋಜನೆಯ ಸದಸ್ಯ,
ದಾವಣಗೆರೆ