ಯುವ ದಸರಾ ಟಿಕೆಟ್ ಬಗ್ಗೆ ಮೈಸೂರು ಜಿಲ್ಲಾ ಉಸ್ತುವಾರಿ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಸಚಿವರೇ, ನಮಸ್ಕಾರ.

ಸುತ್ತಿ ಬಳಸದೆ ವಿಷಯಕ್ಕೇ ಬರುತ್ತೇನೆ. ಸಿನಿಮಾ ಟಿಕೆಟ್ 200 ರೂಪಾಯಿ ದಾಟಬಾರದು ಅಂತ ನಿಮ್ಮ ಸರ್ಕಾರ 2025ರ ಬಜೆಟ್‌ನಲ್ಲಿ ಹೇಳಿತು, ಸೆಪ್ಟೆಂಬರ್‌ನಲ್ಲಿ ನಿಯಮವನ್ನೂ ತಂದಿತು. ಅದಕ್ಕೆ ಹೈಕೋರ್ಟ್ ಮಧ್ಯಂತರ ತಡೆ ಕೊಟ್ಟಿದ್ದು ಬೇರೆ ಕಥೆ. ಆದರೆ ಅದೇ ತಿಂಗಳು ಅದೇ ಸರ್ಕಾರ ಮೈಸೂರು ದಸರಾದಲ್ಲಿ ನಡೆಸುವ ಯುವ ದಸರಾ ಸಂಗೀತ ಕಾರ್ಯಕ್ರಮಕ್ಕೆ 2,500 ಮತ್ತು 5,000 ರೂಪಾಯಿಯ ಟಿಕೆಟ್ ಇತ್ತು. ಹಿಂದಿನ ವರ್ಷ ಅಂದರೆ 2024ರಲ್ಲಿ 5,000 ಮತ್ತು 8,000. ಗೃಹಲಕ್ಷ್ಮಿ ಹಣ ತಿಂಗಳಿಗೆ 2,000. ಹಾಗಾದರೆ ಆ ವರ್ಷ ಇಳಯರಾಜಾ ಅವರನ್ನು ಮುಂದಿನ ಸಾಲಿನಲ್ಲಿ ಕೂತು ನೋಡುವುದಕ್ಕೆ ನಮ್ಮ ಮನೆಯವರು ನಾಲ್ಕು ತಿಂಗಳ ಗೃಹಲಕ್ಷ್ಮಿ ಕೂಡಿಡಬೇಕಿತ್ತು. ಅದೂ ಒಬ್ಬರಿಗೆ!

ಖಾಸಗಿಯವರ ಮೇಲೆ ನನಗೆ ತಕರಾರಿಲ್ಲ. 2025ರ ಜನವರಿಯಲ್ಲಿ ಬ್ರಿಟನ್ನಿನ ರಾಕ್ ಬ್ಯಾಂಡ್ ಕೋಲ್ಡ್‌ಪ್ಲೇ ನವಿ ಮುಂಬೈಗೆ ಬಂದಾಗ ಟಿಕೆಟ್ 2,500ರಿಂದ 35,000ದವರೆಗೆ ಇತ್ತು, ಮರುಮಾರಾಟದಲ್ಲಿ ಲಕ್ಷಗಳ ಮಾತು ಕೇಳಿಬಂತು. ಬೇಕಾದವರು ಹೋದರು, ಬೇಡದವರು ಮನೆಯಲ್ಲಿ ಫೋನಿನಲ್ಲೇ ನೋಡಿದರು. ರೇಟ್ ಏರುವುದಕ್ಕೆ ಕಾರಣವೂ ಇದೆ ಬಿಡಿ. ಒಂದು ಕಾಲದಲ್ಲಿ ಕ್ಯಾಸೆಟ್, ಸಿಡಿ ಮಾರಿ ದುಡ್ಡು ಬರುತ್ತಿತ್ತು. ಈಗ ಹಾಡು ಫೋನಿನಲ್ಲಿ ಹೆಚ್ಚು ಕಡಿಮೆ ಪುಕ್ಕಟೆ, ಹಾಗಾಗಿ ಗಾಯಕರಿಗೆ ವೇದಿಕೆಯೇ ಸಂಪಾದನೆ. ಮೇಲೆ ಎಲ್‌ಇಡಿ ಪರದೆ, ಲೈಟು, ಸೌಂಡು, ಮೈದಾನದ ಬಾಡಿಗೆ. ಟಿಕೆಟ್ 500 ದಾಟಿದರೆ ಶೇ. 18 ಜಿಎಸ್‌ಟಿ, ಆಮೇಲೆ ಆ್ಯಪ್‌ನವರ ಕನ್ವೀನಿಯೆನ್ಸ್ ಫೀ. ಆ ಫೀ ಮೇಲೂ ಜಿಎಸ್‌ಟಿ.

ಅಷ್ಟು ಕೊಟ್ಟು ಹೋದರೆ ಸಾರ್ಥಕವಾ? ಬೆಂಗಳೂರಿನಲ್ಲಿ ಒಂದು ಖಾಸಗಿ ಕಾರ್ಯಕ್ರಮಕ್ಕೆ ಗೆಳೆಯರ ಜೊತೆ ಹೋಗಿದ್ದೆ. ಹೆಸರು ಬೇಡ. ಎಲ್ಲಾ ಸೇರಿ ತಲೆಗೆ ನಾಲ್ಕು ಸಾವಿರ ಚಿಲ್ಲರೆ, ಅದೇ ಅಲ್ಲಿ ಕಡಿಮೆ ದರ್ಜೆಯ ಟಿಕೆಟ್. ಗೇಟಿನಲ್ಲಿ ನೀರಿನ ಬಾಟಲಿ ತೆಗೆಸಿದರು. ಒಳಗೆ ನಗದು ನಡೆಯುವುದಿಲ್ಲ, ಕೈಗೆ ಕಟ್ಟಿದ ಪಟ್ಟಿಗೆ ದುಡ್ಡು ತುಂಬಿಸಿಕೊಂಡೇ ನೀರು ಕುಡಿಯಬೇಕು, ಉಳಿದ ದುಡ್ಡು ವಾಪಸ್ ಇಲ್ಲ. ವೇದಿಕೆ ಮುಂದೆ ದುಬಾರಿ ಟಿಕೆಟ್‌ನವರಿಗೆ ಬಿಟ್ಟಿದ್ದ ಕಡೆ ಅರ್ಧ ಜಾಗ ಖಾಲಿ. ನಾವು ಹಿಂದಿನ ಬೇಲಿಗೆ ಒತ್ತಿಕೊಂಡು ನಿಂತಿದ್ದೆವು. ಅಲ್ಲಿಂದ ಗಾಯಕ ಹೆಬ್ಬೆರಳಿನಷ್ಟು ಕಾಣುತ್ತಾನೆ. ಪರದೆಯಲ್ಲಿ ಅವನ ತುಟಿ ಮೊದಲು ಅಲ್ಲಾಡುತ್ತದೆ, ದನಿ ಆಮೇಲೆ ಬರುತ್ತದೆ, ಯಾಕೆಂದರೆ ನೂರು ಮೀಟರ್ ದಾಟಲು ಶಬ್ದಕ್ಕೆ ಹೆಚ್ಚು ಕಡಿಮೆ ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಇಡೀ ರಾತ್ರಿ ಡಬ್ಬಿಂಗ್ ಸರಿಯಾಗದ ಸಿನಿಮಾ ನೋಡಿದ ಹಾಗಾಯ್ತು. ಆದರೂ ಕೊನೆಯ ಎರಡು ಹಾಡಿಗೆ ಸಾವಿರಾರು ಜನ ಒಟ್ಟಿಗೆ ಹಾಡಿದಾಗ ಮೈ ಜುಮ್ ಅಂದಿದ್ದು ನಿಜ, ಸುಳ್ಳು ಹೇಳುವುದಿಲ್ಲ. ನಾಲ್ಕು ಸಾವಿರಕ್ಕೆ ಅಷ್ಟು ಸಾಕಾಗಲಿಲ್ಲ. ಸಾವಿರಕ್ಕೆ ಆಗಿದ್ದರೆ ಸಾಕಾಗುತ್ತಿತ್ತು.

ಅದು ವ್ಯಾಪಾರ, ನನ್ನ ದುಡ್ಡು, ನನ್ನ ಹಣೆಬರಹ. ದಸರಾ ಹಾಗಲ್ಲ ಅಲ್ವಾ ಸರ್? ಅದು ನಾಡಹಬ್ಬ. ಖರ್ಚಿಗೆ ಸರ್ಕಾರದ ಅನುದಾನ ಇದೆ, ಬಂದೋಬಸ್ತಿಗೆ ಪೊಲೀಸರಿದ್ದಾರೆ, ಪ್ರಾಯೋಜಕರೂ ಇದ್ದಾರೆ. ಮಹಾರಾಜ ಕಾಲೇಜು ಮೈದಾನದಲ್ಲಿ ಯುವ ದಸರಾ ನಡೆಯುತ್ತಿದ್ದಾಗ ಹಾಸ್ಟೆಲ್ ಹುಡುಗರು ಊಟ ಮುಗಿಸಿ ನಡೆದೇ ಬರುತ್ತಿದ್ದರು. 2024ರಲ್ಲಿ ಅದು ಊರ ಹೊರಗೆ, ಉತ್ತನಹಳ್ಳಿ ರಿಂಗ್ ರಸ್ತೆಗೆ ಹೋಯಿತು. ಜನ ಜಾಸ್ತಿ ಬರುತ್ತಾರೆ, ಜಾಗ ಬೇಕು, ಅದು ಅರ್ಥವಾಗುತ್ತದೆ. ಜಾಗ ದೊಡ್ಡದಾದ ಮೇಲೂ ಮುಂದಿನ ಭಾಗ ದುಡ್ಡಿದ್ದವರಿಗೇ ಯಾಕೆ ಅನ್ನುವುದು ಮಾತ್ರ ಅರ್ಥವಾಗುವುದಿಲ್ಲ.

ಮೈದಾನದ ಹಿಂಭಾಗದಲ್ಲಿ ಉಚಿತವಾಗಿ ನೋಡಬಹುದಲ್ಲ ಅಂತ ನೀವು ಹೇಳಬಹುದು. ಹೌದು, ನೋಡಬಹುದು. ಆದರೆ ಇದೇ ದಸರಾದಲ್ಲಿ ಅರಮನೆ ಮುಂದಿನ ವೇದಿಕೆಯ ಸಂಗೀತಕ್ಕೆ ಟಿಕೆಟ್ ಇಲ್ಲ. ಇದೇ ಊರಿನ ವಾಣಿವಿಲಾಸ ಮೊಹಲ್ಲಾದಲ್ಲಿ 8ನೇ ಕ್ರಾಸ್ ಗಣಪತಿ ಉತ್ಸವದ ಸಂಗೀತ ಕಚೇರಿಗಳು ಎಷ್ಟೋ ದಶಕಗಳಿಂದ ರಸ್ತೆಯಲ್ಲೇ, ಚಪ್ಪರದ ಕೆಳಗೆ, ಪುಕ್ಕಟೆಯಾಗಿ ನಡೆಯುತ್ತಿವೆ. ದೇಶದ ದೊಡ್ಡ ದೊಡ್ಡ ವಿದ್ವಾಂಸರು ಅಲ್ಲಿ ಹಾಡಿದ್ದಾರೆ, ಬೇಗ ಬಂದವರು ಮುಂದೆ ಕೂರುತ್ತಾರೆ. ಸಿನಿಮಾ ಗಾಯಕರ ಸಂಭಾವನೆ ಬೇರೆ ಲೆಕ್ಕ, ಗೊತ್ತು. ಆ ಲೆಕ್ಕವನ್ನೇ ನಾನು ಕೇಳುತ್ತಿರುವುದು.

ಎಲ್ಲವನ್ನೂ ಉಚಿತ ಮಾಡಿ ಅಂತ ನಾನು ಕೇಳುತ್ತಿಲ್ಲ. ಟಿಕೆಟ್‌ನಿಂದ ಎಷ್ಟು ಬಂತು, ಪ್ರಾಯೋಜಕರು ಎಷ್ಟು ಕೊಟ್ಟರು, ಯಾವ ಕಲಾವಿದರಿಗೆ ಎಷ್ಟು ಹೋಯಿತು, ಇಷ್ಟನ್ನು ಹಬ್ಬ ಮುಗಿದ ತಿಂಗಳೊಳಗೆ ದಸರಾ ವೆಬ್‌ಸೈಟಿನಲ್ಲೇ ಹಾಕಿಸಿ, ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಅಲೆಯುವಂತೆ ಮಾಡಬೇಡಿ. ಮುಂದಿನ ಭಾಗದ ಮೂರನೇ ಒಂದು ಪಾಲನ್ನಾದರೂ 200 ರೂಪಾಯಿಗೆ ಬಿಡಿ. ಸಿನಿಮಾಗೆ ನೀವೇ ಹಾಕಿದ ಗೆರೆ ಅದು. ಕಾಲೇಜು ಐಡಿ ತೋರಿಸಿದವರಿಗೆ ಲಾಟರಿ ಎತ್ತಿ ಕೊಡಿ, ಆ ಟಿಕೆಟನ್ನು ಬೇರೆಯವರಿಗೆ ಮಾರಲು ಆಗಬಾರದು. ಉಚಿತ ಜಾಗದ ಮಧ್ಯದಲ್ಲೂ ಸ್ಪೀಕರ್ ಕಂಬ ನಿಲ್ಲಿಸಿ ದನಿಯನ್ನು ಪರದೆಗೆ ಹೊಂದಿಸಿ, ಸೌಂಡ್‌ನವರಿಗೆ ಅದೇನೂ ಹೊಸದಲ್ಲ.

ಕೊನೆಗೆ ಪಾಸ್ ವಿಷಯ. ಪಾಸ್‌ಗಾಗಿ ಶಾಸಕರ, ಅಧಿಕಾರಿಗಳ ಮನೆ ಬಾಗಿಲು ತಟ್ಟುವ ಕೆಟ್ಟ ಅಭ್ಯಾಸ ನಮ್ಮ ಊರಿಗಿದೆ, ನಾವು ಜನರೇನೂ ಸುಮ್ನೆ ಕೂತವರಲ್ಲ. ಟಿಕೆಟ್ ಬಿಡುವ ದಿನವೇ ಇನ್ನೊಂದು ಸಂಖ್ಯೆಯನ್ನೂ ಪ್ರಕಟಿಸಿ: ಮುಂದಿನ ಕುರ್ಚಿಗಳಲ್ಲಿ ಮಾರಾಟಕ್ಕೆ ಎಷ್ಟು, ಪಾಸ್‌ಗೆ ಎಷ್ಟು, ಆ ಪಾಸ್ ಯಾವ ಯಾವ ಕಚೇರಿಗೆ ಹೋಗುತ್ತದೆ. ಅದನ್ನು ನೋಡಿದ ಮೇಲೆ ಟಿಕೆಟ್ ಕೊಳ್ಳಬೇಕಾ ಬೇಡವಾ ಅಂತ ನಾವು ತೀರ್ಮಾನ ಮಾಡಿಕೊಳ್ಳುತ್ತೇವೆ.

ಇಂತಿ,
ಮೈಸೂರಿನ ಒಬ್ಬ ಕೇಳುಗ